ವಿಮಾ ಏಜೆಂಟರ ಸಾರ್ವಜನಿಕ ದಾಖಲೆಗಳನ್ನು ನಾವು ಒಟ್ಟುಗೂಡಿಸಿದ ಬಗೆ

ಆರೋಗ್ಯ ವಿಮೆಯ ಕಂಪನಿಯೊಂದರ ದಾವಣಗೆರೆ ಶಾಖೆಯಲ್ಲಿ ನಾನು ಕೆಲಸ ಮಾಡುತ್ತೇನೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ನಮ್ಮ ಏಜೆಂಟರಾಗಲು ಬರುವವರ ಅರ್ಜಿಗಳನ್ನು ಪರಿಶೀಲಿಸುವುದು, ಈಗಾಗಲೇ ಏಜೆಂಟರಾಗಿರುವವರ ದಾಖಲೆಗಳು ನಿಯಮಕ್ಕೆ ಸರಿಯಾಗಿವೆಯೇ ಎಂದು ಕಾಲಕಾಲಕ್ಕೆ ನೋಡುವುದು, ಇವೆರಡೂ ನನ್ನ ಪಾಲಿನ ಹೊಣೆ. ಹಲವು ವರ್ಷ ಈ ಕೆಲಸವನ್ನು ಒಂದೊಂದೇ ಅರ್ಜಿ ಹಿಡಿದು ಮಾಡುತ್ತಿದ್ದೆವು. ಎರಡೂ ಜಿಲ್ಲೆಗಳ ಏಜೆಂಟರ ಸಾರ್ವಜನಿಕ ದಾಖಲೆಗಳನ್ನು ಒಂದೇ ಕಡೆ ಸೇರಿಸಿಟ್ಟುಕೊಂಡರೆ ನೇಮಕಾತಿಗೂ ನಿಯಮಪಾಲನೆಗೂ ಅನುಕೂಲವೆಂದು ನಿರ್ಧರಿಸಿದಾಗ, ದಾಖಲೆ ಸಿಗುವುದೇ ಕಷ್ಟವಾದೀತು ಎಂದು ಭಾವಿಸಿದ್ದೆ. ಅದು ಸುಲಭವಾಗಿಯೇ ಸಿಕ್ಕಿತು. ಎರಡು ಸಾಲುಗಳಲ್ಲಿ ಕಾಣುವ ಹೆಸರು ಒಬ್ಬರದೋ ಇಬ್ಬರದೋ ಎಂದು ತೀರ್ಮಾನಿಸುವುದೇ ನಿಜವಾದ ಕಷ್ಟವಾಯಿತು.

ಮೊದಲು ನಿಯಮದ ಹಿನ್ನೆಲೆಯನ್ನು ಹೇಳಬೇಕು. ನಮ್ಮ ಊರುಗಳಲ್ಲಿ ಇಂದಿಗೂ ‘ಏಜೆಂಟ್ ಲೈಸೆನ್ಸ್’ ಎಂದೇ ಮಾತನಾಡುತ್ತಾರೆ. ಆದರೆ 1938ರ ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ನಂತರ ಏಜೆಂಟರಿಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಹೆಸರಿನಲ್ಲಿ ಪರವಾನಗಿ ಕೊಡುವ ಪದ್ಧತಿ ಹೋಗಿ, ವಿಮಾ ಕಂಪನಿಯೇ ಏಜೆಂಟರನ್ನು ನೇಮಿಸಿಕೊಳ್ಳುವ ಪದ್ಧತಿ ಬಂದಿತು. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಹೊರಡಿಸಿದ ಏಜೆಂಟರ ನೇಮಕ ನಿಯಮಾವಳಿ 2016ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿ ಹೀಗೆ ಪ್ರತಿ ಬಗೆಯಲ್ಲೂ ಒಂದೊಂದರ ಪರವಾಗಿ ಮಾತ್ರ ಕೆಲಸ ಮಾಡಬಹುದು. ಒಂದೇ ಬಗೆಯ ಎರಡು ಕಂಪನಿಗಳಲ್ಲಿ ಏಜೆನ್ಸಿ ಇರುವಂತಿಲ್ಲ. ಒಂದನ್ನು ಬಿಟ್ಟು ಅದೇ ಬಗೆಯ ಮತ್ತೊಂದು ಕಂಪನಿಗೆ ಬರುವವರು ಹಳೆಯ ಕಂಪನಿಯಿಂದ ಸೆಸೇಷನ್ ಸರ್ಟಿಫಿಕೇಟ್, ಅಂದರೆ ಅಲ್ಲಿನ ಏಜೆನ್ಸಿ ಕೊನೆಗೊಂಡಿತೆಂಬ ಪತ್ರ, ಪಡೆದು, ಅದರ ದಿನಾಂಕದಿಂದ 90 ದಿನ ಕಾಯಬೇಕು.

ನೇಮಕಾತಿಯ ದೃಷ್ಟಿಯಿಂದ ಈ ‘ಒಂದೊಂದೇ’ ಎಂಬ ನಿಯಮದಲ್ಲಿ ನಮಗೆ ಬೇಕಾದದ್ದೆಲ್ಲ ಅಡಗಿದೆ. ಚನ್ನಗಿರಿಯಲ್ಲಿ ಅಡಿಕೆ ಮಾರಿದ ಹಣ ಕೈಗೆ ಬಂದಾಗ, ಚಳ್ಳಕೆರೆಯಲ್ಲಿ ಶೇಂಗಾ ಮಾರುಕಟ್ಟೆಗೆ ಹೋದಾಗ ಯಾರ ಮನೆಗೆ ಹೋಗಬೇಕೆಂದು ಅರಿತಿರುವವರು ಹಳೆಯ ಜೀವ ವಿಮಾ ಏಜೆಂಟರು. ಅವರಲ್ಲಿ ಆರೋಗ್ಯ ವಿಮೆಯ ಏಜೆನ್ಸಿಯನ್ನು ಇನ್ನೂ ಪಡೆಯದವರು ಯಾರು ಎಂದು ತಿಳಿದರೆ, ನಾವು ಯಾರ ಕಂಪನಿಯನ್ನೂ ಬಿಡಿಸದೆ, ಯಾರನ್ನೂ 90 ದಿನ ಕಾಯಿಸದೆ, ನ್ಯಾಯವಾಗಿ ಕರೆಯಬಹುದಾದವರ ಪಟ್ಟಿ ಸಿದ್ಧವಾಗುತ್ತದೆ. ಸಾಮಾನ್ಯ ವಿಮಾ ಕಂಪನಿಗಳೂ ಆರೋಗ್ಯ ಪಾಲಿಸಿಗಳನ್ನು ಮಾರುತ್ತವೆ. ಆದ್ದರಿಂದ ಅಂಥ ಕಂಪನಿಯ ಏಜೆನ್ಸಿ ಇರುವವರನ್ನು ಕರೆಯಲು ನಿಯಮ ಅಡ್ಡಿಯಾಗದಿದ್ದರೂ ಅವರಿಗೆ ನಮ್ಮ ಅಗತ್ಯ ಕಡಿಮೆ. ಇದನ್ನು ಅರಿಯದೆ ಕರೆ ಮಾಡುತ್ತಾ ಹೋಗಿ ನಾವು ಮೊದಲ ತಿಂಗಳಲ್ಲಿ ಸಾಕಷ್ಟು ಸಮಯ ಕಳೆದುಕೊಂಡೆವು.

ನಿಯಮಪಾಲನೆಯ ದೃಷ್ಟಿಯಿಂದ ವಿಷಯ ಇನ್ನಷ್ಟು ಗಂಭೀರ. ನಿಯಮ ಮೀರಿ ಏಜೆಂಟ್ ಕೆಲಸ ಮಾಡಿದವರಿಗೆ 10,000 ರೂಪಾಯಿಯವರೆಗೆ, ಅಂಥವರನ್ನು ನೇಮಿಸಿಕೊಂಡ ಅಥವಾ ಅವರ ಮೂಲಕ ವ್ಯವಹಾರ ನಡೆಸಿದ ಕಂಪನಿಗೆ 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸುವ ಅವಕಾಶವನ್ನು 2015ರ ತಿದ್ದುಪಡಿಯು ವಿಮಾ ಕಾಯ್ದೆಯ 42ನೆಯ ಕಲಮಿನಲ್ಲಿ ಸೇರಿಸಿತು. ನೇಮಿಸುವ ಮೊದಲು ಅರ್ಜಿದಾರರ ಪ್ಯಾನ್ ಸಂಖ್ಯೆಯನ್ನು ಪ್ರಾಧಿಕಾರದ ಏಜೆನ್ಸಿ ಪೋರ್ಟಲ್‌ನಲ್ಲಿ ಪರಿಶೀಲಿಸುವುದು, ಕಪ್ಪುಪಟ್ಟಿಯಲ್ಲಿ ಅವರ ಹೆಸರಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಕಂಪನಿಯ ಕರ್ತವ್ಯ.

ಕೆಲಸ ಆರಂಭಿಸಿದಾಗ ನಾವು ಹಿಡಿದ ಮೊದಲ ದಾರಿ ತಪ್ಪಾಗಿತ್ತು. ಎರಡೂ ಜಿಲ್ಲೆಗಳ ಏಜೆಂಟರ ಸಂಪೂರ್ಣ ಪಟ್ಟಿ ತನ್ನ ಬಳಿ ಇದೆಯೆಂದು ಹೇಳಿದ ಒಬ್ಬ ವ್ಯಾಪಾರಿಯಿಂದ ಒಂದು ಎಕ್ಸೆಲ್ ಕಡತವನ್ನು ಕೊಂಡೆವು. ಅದರಲ್ಲಿ ತೀರಿಹೋದವರ ಹೆಸರುಗಳಿದ್ದವು, ಏಜೆನ್ಸಿ ಬಿಟ್ಟು ಎಷ್ಟೋ ಕಾಲವಾದವರ ಹೆಸರುಗಳಿದ್ದವು, ಮತ್ತು ಯಾವ ಸಾಲನ್ನು ಯಾವಾಗ ಎಲ್ಲಿಂದ ತೆಗೆದದ್ದೆಂಬ ಗುರುತು ಒಂದಕ್ಕೂ ಇರಲಿಲ್ಲ. ಹರಿಹರದ ಒಂದು ಮನೆಗೆ ಕರೆ ಮಾಡಿ ಏಜೆಂಟರನ್ನು ಕೇಳಿದಾಗ ಅವರ ಪತ್ನಿ, ‘ಅವರು ಹೋಗಿ ಎರಡು ವರ್ಷ ಆತು’ ಎಂದು ಹೇಳಿದರು. ಅಂದೇ ಆ ಕಡತವನ್ನು ಅಳಿಸಿಹಾಕಿದೆವು.

ಮುಂದಿನ ಯೋಜನೆ ನಮ್ಮ ಕಚೇರಿಯ ಕಿರಿಯ ಸಹೋದ್ಯೋಗಿಯದು. ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದು, ರಾತ್ರಿಯಿಡೀ ಓಡಿಸಿ, ಪೋರ್ಟಲ್‌ನ ದಾಖಲೆಗಳನ್ನೆಲ್ಲ ಇಳಿಸಿಕೊಳ್ಳೋಣವೆಂದು ಅವರು ಹುರುಪಿನಿಂದ ಹೇಳಿದರು. ನಾನು ಒಪ್ಪಲಿಲ್ಲ. ಕಂಪ್ಯೂಟರ್ ವ್ಯವಸ್ಥೆಯ ಒಡೆಯರ ಅನುಮತಿಯಿಲ್ಲದೆ ಅದರಿಂದ ದತ್ತಾಂಶವನ್ನು ಇಳಿಸಿಕೊಳ್ಳುವುದನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಂ ತಪ್ಪೆಂದು ಪರಿಗಣಿಸುತ್ತದೆ. ಎಲ್ಲರೂ ನೋಡಲೆಂದು ತೆರೆದಿಟ್ಟ ಪುಟವನ್ನು ನೋಡುವುದು ಬೇರೆ, ಯಂತ್ರದಿಂದ ಅದನ್ನು ಬಾಚಿಕೊಳ್ಳುವುದು ಬೇರೆ. ನೋಡುತ್ತಿರುವವರು ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳಲು ಪ್ಯಾನ್ ಪರಿಶೀಲನೆಯ ಪುಟ ಕೇಳುವ ಕ್ಯಾಪ್ಚಾವನ್ನು ಯಂತ್ರದಿಂದ ಬಿಡಿಸುವುದಂತೂ ಆ ಪುಟವನ್ನು ಇಟ್ಟವರ ಇಚ್ಛೆಗೆ ನೇರ ವಿರುದ್ಧ. ತನ್ನ ಮನೆ ಬಾಗಿಲಿಗೆ ಬಂದ ಏಜೆಂಟ್ ನಿಜವಾದವನೇ ಎಂದು ಜಗಳೂರಿನ ಒಬ್ಬ ರೈತ ನೋಡಿಕೊಳ್ಳಲಿ ಎಂಬ ಕಾರಣಕ್ಕೆ ಇರುವ ಸೌಲಭ್ಯವದು. ಅದರ ಮೇಲೆ ನಮ್ಮ ಅನುಕೂಲದ ಹೊರೆ ಹೇರುವುದು ಸರಿಯಲ್ಲವೆಂದು ನನಗೆ ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ.

ಕೊನೆಗೆ ಕೈಯಿಂದಲೇ ಮಾಡಿದೆವು. ಏಜೆಂಟರನ್ನು ಹುಡುಕುವ ಪುಟದಲ್ಲಿ ವಿಮೆಯ ಬಗೆ, ಕಂಪನಿ, ರಾಜ್ಯ, ಜಿಲ್ಲೆ ಇವನ್ನು ಆರಿಸಿದರೆ ಪಟ್ಟಿ ಬರುತ್ತದೆ. ಒಂದೊಂದು ಕಂಪನಿಯನ್ನೂ ಆರಿಸಿ, ಬಂದ ಪುಟವನ್ನು ಹಾಗೆಯೇ ಉಳಿಸಿಕೊಂಡು, ಕಡತದ ಹೆಸರಿನಲ್ಲಿ ಕಂಪನಿ, ಜಿಲ್ಲೆ ಮತ್ತು ನೋಡಿದ ದಿನಾಂಕವನ್ನು ಬರೆದೆವು. ಇಬ್ಬರು ದಿನಕ್ಕೆ ಒಂದು ಗಂಟೆಯಂತೆ ಕುಳಿತು ಎರಡು ವಾರದಲ್ಲಿ ಮುಗಿಸಿದೆವು. ಸಹೋದ್ಯೋಗಿಯ ಪೈಥಾನ್ ಇಲ್ಲಿ ಉಪಯೋಗಕ್ಕೆ ಬಂದಿತು: ಉಳಿಸಿಟ್ಟ ಪುಟಗಳಿಂದ ಸಾಲುಗಳನ್ನು ತೆಗೆದು ಒಂದೇ ಕೋಷ್ಟಕಕ್ಕೆ ಸೇರಿಸುವ ಕೆಲಸವನ್ನು ಅವರು ಬಹಳ ಅಚ್ಚುಕಟ್ಟಾಗಿ ಮಾಡಿದರು. ಮೂಲ ಪುಟಗಳನ್ನು ಬದಲಿಸದೆ ಕಾಪಾಡಿಕೊಂಡದ್ದರಿಂದ, ಕೋಷ್ಟಕದಲ್ಲಿ ಸಂಶಯ ಬಂದಾಗಲೆಲ್ಲ ಹಿಂದಕ್ಕೆ ಹೋಗಿ ನೋಡಲು ಸಾಧ್ಯವಾಯಿತು.

ಆ ಕೋಷ್ಟಕವನ್ನು ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಕೆಲವು ಸಂಖ್ಯೆಗಳ ಮುಂದಿನ ಸೊನ್ನೆಗಳು ಮಾಯವಾದವು. 15 ಅಂಕಿಗಳಿಗಿಂತ ಉದ್ದದ ಸಂಖ್ಯೆಗಳ ಕೊನೆಯ ಅಂಕಿಗಳನ್ನು ಎಕ್ಸೆಲ್ ಸೊನ್ನೆಯಾಗಿಸುತ್ತದೆ ಎಂಬುದು ನನಗೆ ಗೊತ್ತಾದದ್ದೂ ಆಗಲೇ. ಪರವಾನಗಿ ಸಂಖ್ಯೆ, ಏಜೆನ್ಸಿ ಕೋಡ್, ಪಿನ್ ಕೋಡ್ ಇವೆಲ್ಲವನ್ನೂ ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿಯೇ ಓದಿಸಬೇಕು. ದಿನಾಂಕಗಳದೂ ಇದೇ ಕಥೆ. ದಿನ ಮೊದಲೋ ತಿಂಗಳು ಮೊದಲೋ ಎಂಬ ಗೊಂದಲದಲ್ಲಿ ಮಾರ್ಚ್ 4 ಎಂಬುದು ಏಪ್ರಿಲ್ 3 ಆದರೆ 90 ದಿನಗಳ ಲೆಕ್ಕವೇ ತಲೆಕೆಳಗಾಗುತ್ತದೆ. ಮುಕ್ತಾಯ ದಿನಾಂಕವನ್ನು ಓದುವಾಗಲೂ ಎಚ್ಚರ ಬೇಕು. ಹಳೆಯ ಪದ್ಧತಿಯಲ್ಲಿ ಪರವಾನಗಿ 3 ವರ್ಷಕ್ಕೆ ಇರುತ್ತಿತ್ತು, ನಂತರ ನವೀಕರಿಸಬೇಕಿತ್ತು. ಹೊಸ ಪದ್ಧತಿಯ ನೇಮಕಕ್ಕೆ ಅಂಥ ನವೀಕರಣವಿಲ್ಲ. ಆದ್ದರಿಂದ ಹಳೆಯ ದಿನಾಂಕವೊಂದು ಕಂಡ ಮಾತ್ರಕ್ಕೆ ಆ ಏಜೆನ್ಸಿ ನಿಂತುಹೋಗಿದೆ ಎಂದು ಬರೆದುಕೊಳ್ಳಬಾರದು.

ಊರುಗಳನ್ನು ವಿಂಗಡಿಸುವಾಗ ನಮ್ಮ ಜಿಲ್ಲೆಯ ಇತಿಹಾಸವೇ ಎದುರಿಗೆ ಬಂದು ನಿಂತಿತು. 577ರಿಂದ ಆರಂಭವಾಗುವ ಪಿನ್ ಕೋಡ್ ದಾವಣಗೆರೆಗೆ ಮಾತ್ರ ಸೇರಿದ್ದಲ್ಲ. ಚಿತ್ರದುರ್ಗ 577501, ಶಿವಮೊಗ್ಗ 577201, ಚಿಕ್ಕಮಗಳೂರು 577101. ನಮ್ಮ ಜಿಲ್ಲೆಯ ಚನ್ನಗಿರಿಯ ಪಿನ್ 577213, ಹೊನ್ನಾಳಿಯದು 577217. ಅಂದರೆ ಮೊದಲ ನಾಲ್ಕು ಅಂಕಿಗಳನ್ನು ನೋಡಿ ವಿಂಗಡಿಸಿದರೆ ಇವೆರಡೂ ಶಿವಮೊಗ್ಗಕ್ಕೆ ಹೋಗುತ್ತವೆ, ಏಕೆಂದರೆ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಗುವವರೆಗೆ ಅವು ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದ್ದವು. ಜಗಳೂರಿನ 577528 ಇದೇ ರೀತಿ ಚಿತ್ರದುರ್ಗದ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹರಪನಹಳ್ಳಿ. ಬಳ್ಳಾರಿಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, ಮರಳಿ ಬಳ್ಳಾರಿಗೆ ಹೋಗಿ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿತು. ಏಜೆಂಟ್ ಮನೆ ಬದಲಿಸದೆಯೇ ಅವರ ಜಿಲ್ಲೆ ಮೂರು ಸಲ ಬದಲಾಗಿದೆ. ಆದ್ದರಿಂದ ಜಿಲ್ಲೆಯ ಅಂಕಣವನ್ನು ನಂಬುವುದನ್ನು ಬಿಟ್ಟು, ಪಿನ್ ಕೋಡ್‌ನ ಆರೂ ಅಂಕಿಗಳಿಗೆ ಎದುರಾಗಿ ಇಂದಿನ ತಾಲ್ಲೂಕನ್ನು ಬರೆದ ಒಂದು ಸಣ್ಣ ಕೋಷ್ಟಕವನ್ನು ನಾವೇ ತಯಾರಿಸಿಕೊಂಡೆವು.

ಹೆಸರುಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಾನು ತಪ್ಪಿದ್ದು ಅಲ್ಲಿಯೇ. ದಾಖಲೆಗಳೆಲ್ಲ ಇಂಗ್ಲಿಷ್ ಕಾಗುಣಿತದಲ್ಲಿರುತ್ತವೆ. ಮಂಜುನಾಥ ಎಂಬ ಒಂದೇ ಹೆಸರು ಕೊನೆಯಲ್ಲಿ ‘ಎ’ ಇದ್ದು, ಇಲ್ಲದೆ, ‘ಎಚ್’ ಬಿಟ್ಟು, ಹೀಗೆ ಹಲವು ರೂಪಗಳಲ್ಲಿ ಕಾಣುತ್ತದೆ. ನಮ್ಮವರಿಗೆ ಮನೆತನದ ಹೆಸರಿಗಿಂತ ಇನಿಷಿಯಲ್ ಮುಖ್ಯ. ಒಬ್ಬರು ಅದನ್ನು ಹೆಸರಿನ ಮುಂದೆ, ಮತ್ತೊಬ್ಬರು ಹಿಂದೆ ಬರೆಯುತ್ತಾರೆ. ಪ್ಯಾನ್ ಕಾರ್ಡ್‌ನ ಅರ್ಜಿಯಲ್ಲಿ ಕೊನೆಯ ಹೆಸರನ್ನು ಇನಿಷಿಯಲ್ ಆಗಿ ಬರೆಯಲು ಅವಕಾಶವಿಲ್ಲದ್ದರಿಂದ ಅಲ್ಲಿ ತಂದೆಯ ಅಥವಾ ಊರಿನ ಹೆಸರು ಪೂರ್ತಿಯಾಗಿ ಬಂದು ಕೂರುತ್ತದೆ. ಹೀಗಾಗಿ ಒಬ್ಬರೇ ಮೂವರಂತೆ ಕಾಣಬಹುದು. ಮೂವರು ಒಬ್ಬರಂತೆ ಕಾಣುವುದೂ ಅಷ್ಟೇ ಸಾಧ್ಯ ಎಂಬುದನ್ನು ನಾನು ಆಗ ಸಾಕಷ್ಟು ಯೋಚಿಸಿರಲಿಲ್ಲ.

ಚನ್ನಗಿರಿ ತಾಲ್ಲೂಕಿನ ಒಬ್ಬ ಜೀವ ವಿಮಾ ಏಜೆಂಟ್ ನಮ್ಮಲ್ಲಿ ಅರ್ಜಿ ಹಾಕಿದ್ದರು. ನಮ್ಮ ಕೋಷ್ಟಕದಲ್ಲಿ ಅದೇ ಹೆಸರು, ಅದೇ ಇನಿಷಿಯಲ್, ಅದೇ ಪಿನ್ ಕೋಡ್ ಇರುವ ಸಾಲೊಂದು ಮತ್ತೊಂದು ಆರೋಗ್ಯ ವಿಮಾ ಕಂಪನಿಯ ಪಟ್ಟಿಯಲ್ಲಿ ಕಂಡಿತು. ಈಗಾಗಲೇ ಒಂದು ಆರೋಗ್ಯ ಏಜೆನ್ಸಿ ಇಟ್ಟುಕೊಂಡು ಅದನ್ನು ಮುಚ್ಚಿಟ್ಟಿದ್ದಾರೆಂದು ನಾನು ಭಾವಿಸಿ, ಹಳೆಯ ಕಂಪನಿಯ ಸರ್ಟಿಫಿಕೇಟ್ ತರುವಂತೆ ತಿಳಿಸಿ ಅರ್ಜಿಯನ್ನು ಬದಿಗಿಟ್ಟೆ. ಮೂರು ವಾರದ ನಂತರ ಅವರು ಬಸ್ಸು ಹಿಡಿದು ದಾವಣಗೆರೆಗೆ ಬಂದರು. ‘ನಂದು ಆ ಕಂಪ್ನಿಯಾಗೆ ಏಜೆನ್ಸಿನೇ ಇಲ್ಲ ಸರ್, ಇಲ್ಲದ್ದನ್ನ ಎಲ್ಲಿಂದ ಬಿಡಿಸ್ಕಂಡು ಬರ್ಲಿ?’ ಎಂದು ಕೇಳಿದರು. ಅವರ ಎದುರಿಗೇ ಪ್ಯಾನ್ ಸಂಖ್ಯೆ ಹಾಕಿ ನೋಡಿದಾಗ ಅವರ ಹೆಸರಿನಲ್ಲಿ ಜೀವ ವಿಮೆಯ ಏಜೆನ್ಸಿಯೊಂದೇ ಇತ್ತು. ಮತ್ತೊಬ್ಬರು ಅದೇ ಊರಿನ, ಅದೇ ಹೆಸರಿನ ಬೇರೆ ವ್ಯಕ್ತಿ. ಪ್ಯಾನ್ ಹಾಕಿ ನೋಡಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷವನ್ನು ನಾನು ಮೊದಲೇ ಕೊಡದೆ ಹೋದದ್ದರಿಂದ ಅವರ ಮೂರು ವಾರದ ದುಡಿಮೆ ಹೋಯಿತು, ಅದಕ್ಕಿಂತ ಹೆಚ್ಚಾಗಿ ಸುಳ್ಳು ಹೇಳಿದವರೆಂಬ ಸಂಶಯವನ್ನು ಅವರು ಹೊರಬೇಕಾಯಿತು. ನಾನು ಅವರ ಕ್ಷಮೆ ಕೇಳಿದೆ.

ಆ ದಿನದಿಂದ ನಮ್ಮ ಕೋಷ್ಟಕದ ಅಂಕಣವೊಂದರ ಹೆಸರು ಬದಲಾಯಿತು. ‘ಹೊಂದಿಕೆಯಾಗಿದೆ’ ಎಂದು ಇದ್ದದ್ದನ್ನು ‘ಪರಿಶೀಲಿಸಬೇಕು’ ಎಂದು ಮಾಡಿದೆವು. ಸಾರ್ವಜನಿಕ ಪಟ್ಟಿಯಲ್ಲಿ ಪ್ಯಾನ್ ಕಾಣುವುದಿಲ್ಲ, ಕಾಣಬಾರದೂ ಸಹ. ಆದ್ದರಿಂದ ಹೆಸರು ಮತ್ತು ಪಿನ್ ಕೋಡ್ ಸೇರಿಸಿ ಕಂಡುಕೊಂಡ ಯಾವ ಹೊಂದಿಕೆಯೂ ಸುಳಿವಿನ ಮಟ್ಟದಲ್ಲೇ ಉಳಿಯಬೇಕು. ಅರ್ಜಿ ಹಾಕಿದವರು ತಾವಾಗಿ ಕೊಟ್ಟ ಪ್ಯಾನ್‌ನಿಂದ ನೋಡಿದ ಮೇಲೆಯೇ, ನೋಡಿದವರ ಹೆಸರು ಮತ್ತು ದಿನಾಂಕದೊಂದಿಗೆ, ಆ ಸಾಲಿಗೆ ತೀರ್ಮಾನ ಬರೆಯುತ್ತೇವೆ. ಅರ್ಜಿ ಹಾಕದವರ ಪ್ಯಾನ್ ಅನ್ನು ಬೇರೆ ಕಡೆಯಿಂದ ಸಂಪಾದಿಸುವ ಪ್ರಯತ್ನವನ್ನು ನಾವು ಮಾಡುವುದಿಲ್ಲ.

ನಮ್ಮದೇ ಏಜೆಂಟರ ಪರಿಶೀಲನೆಗೆ ಇದೇ ಕ್ರಮವನ್ನು ಮೂರು ತಿಂಗಳಿಗೊಮ್ಮೆ ಅನುಸರಿಸುತ್ತೇವೆ. ನಮ್ಮ ಪುಸ್ತಕದಲ್ಲಿರುವ ಪ್ರತಿಯೊಬ್ಬರೂ ಪೋರ್ಟಲ್‌ನಲ್ಲಿ ನಮ್ಮ ಕಂಪನಿಯ ಅಡಿಯಲ್ಲಿ ಕಾಣುತ್ತಾರೆಯೇ, ನಾವು ಬಿಡುಗಡೆ ಮಾಡಿದವರು ಇನ್ನೂ ನಮ್ಮ ಅಡಿಯಲ್ಲಿಯೇ ಉಳಿದಿದ್ದಾರೆಯೇ ಎಂದು ಎರಡೂ ದಿಕ್ಕಿನಿಂದ ನೋಡುತ್ತೇವೆ. ನನ್ನ ಅನುಭವದಲ್ಲಿ ಎರಡನೆಯದು ಹೆಚ್ಚು ಮುಖ್ಯ. ರಾಜೀನಾಮೆ ಕೊಟ್ಟ ಏಜೆಂಟರಿಗೆ 15 ದಿನಗಳಲ್ಲಿ ಸೆಸೇಷನ್ ಸರ್ಟಿಫಿಕೇಟ್ ಕೊಡಬೇಕಾದದ್ದು ಕಂಪನಿಯ ಹೊಣೆ. ಅದು ತಡವಾದಷ್ಟೂ ಅವರ 90 ದಿನಗಳ ಎಣಿಕೆ ಆರಂಭವಾಗುವುದೇ ಇಲ್ಲ, ಅವರು ಹೊಸ ಕಂಪನಿಯ ಬಾಗಿಲಲ್ಲಿ ನಿಂತು ಕಾಯಬೇಕಾಗುತ್ತದೆ.

ಮೊಬೈಲ್ ಸಂಖ್ಯೆಗಳ ಬಗ್ಗೆ ಕಚೇರಿಯಲ್ಲಿ ದೀರ್ಘ ಚರ್ಚೆಯಾಯಿತು. ಕಾನೂನಿನ ಕರ್ತವ್ಯದಿಂದ ಸಾರ್ವಜನಿಕವಾಗಿ ಪ್ರಕಟಿಸಿದ ವೈಯಕ್ತಿಕ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲವಲ್ಲ ಎಂದು ಒಬ್ಬರು ವಾದಿಸಿದರು. ಕಾಯ್ದೆಯ 3ನೆಯ ಕಲಮಿನಲ್ಲಿ ಆ ವಿನಾಯಿತಿ ಇರುವುದು ನಿಜ. ಆದರೆ ಪಾಲಿಸಿದಾರರು ತಮ್ಮ ಏಜೆಂಟರನ್ನು ಸಂಪರ್ಕಿಸಲೆಂದು ಪ್ರಕಟವಾದ ಸಂಖ್ಯೆಗೆ ನಾವು ಸಾಮೂಹಿಕವಾಗಿ ಎಸ್ಎಂಎಸ್ ಕಳುಹಿಸಿದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2018ರ ವಾಣಿಜ್ಯ ಸಂದೇಶಗಳ ನಿಯಮಾವಳಿ ಬೇರೆಯೇ ಆಗಿ ಅನ್ವಯಿಸುತ್ತದೆ, ಮತ್ತು ಕಿರಿಕಿರಿಯಾದವರು 1909 ಎಂಬ ದೂರವಾಣಿ ಸಂಖ್ಯೆಗೆ ದೂರು ಕೊಡಬಹುದು. ಆದ್ದರಿಂದ ನೇಮಕಾತಿಯ ಕಡತದಿಂದ ಮೊಬೈಲ್ ಅಂಕಣವನ್ನೇ ತೆಗೆದುಹಾಕಿದೆವು. ಹೆಸರು, ತಾಲ್ಲೂಕು ಮತ್ತು ಈಗಿರುವ ಏಜೆನ್ಸಿಯ ಬಗೆ ಇಷ್ಟೇ ಅದರಲ್ಲಿವೆ. ಆ ತಾಲ್ಲೂಕಿನ ನಮ್ಮ ಹಿರಿಯ ಏಜೆಂಟರಿಗೆ ಅದನ್ನು ತೋರಿಸಿ, ಅವರಿಗೆ ಪರಿಚಯವಿರುವವರ ಮೂಲಕವೇ ಮಾತುಕತೆಗೆ ಹೋಗುತ್ತೇವೆ. ಇದು ನಿಧಾನವಾದರೂ ಹೀಗೆ ಬಂದವರು ಹೆಚ್ಚು ಕಾಲ ಉಳಿದಿದ್ದಾರೆ.

ಉಳಿಸಿದ ಪುಟಗಳನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬುದನ್ನೂ ನಿಗದಿ ಮಾಡಿದ್ದೇವೆ. ಹೊಸ ಸುತ್ತಿನ ಪುಟಗಳು ಬಂದು ಹಳೆಯವುಗಳೊಂದಿಗೆ ಹೋಲಿಕೆ ಮುಗಿದ ಮೇಲೆ, ಅರ್ಜಿ ಅಥವಾ ಆಕ್ಷೇಪ ಬಾಕಿ ಇರುವ ಸಾಲುಗಳ ಪುಟಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಅಳಿಸುತ್ತೇವೆ. ಈ ಸುತ್ತಿನಲ್ಲಿ ಹೊಳಲ್ಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಕೆಲವು ಸಾಲುಗಳು ‘ಪರಿಶೀಲಿಸಬೇಕು’ ಎಂಬ ಅಂಕಣದಲ್ಲಿಯೇ ಉಳಿದಿವೆ. ಆ ಏಜೆಂಟರು ಪ್ಯಾನ್ ಕಾರ್ಡ್‌ನೊಂದಿಗೆ ಬಂದು ನಮ್ಮ ಎದುರು ಕೂರುವವರೆಗೂ ಅವರ ಬಗ್ಗೆ ನಾವು ಏನನ್ನೂ ಬರೆಯುವುದಿಲ್ಲ.