ಗೋಲು ಎಲ್ಲರಿಗೂ ಒಟ್ಟಿಗೇ ಕಾಣಬೇಕು: ಕೋಡಿಬಾಗದ ಅಂಗಳದಲ್ಲಿ ವಿಶ್ವಕಪ್ ನೋಡುವ ಬಗೆ

2022ರ ಡಿಸೆಂಬರ್ 18, ಭಾನುವಾರ ರಾತ್ರಿ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆಯ ಅಂಗಳ. ಎರಡು ತೆಂಗಿನ ಮರಗಳ ನಡುವೆ ಬಿಳಿ ಬೆಡ್‌ಶೀಟ್ ಬಿಗಿದು ಕಟ್ಟಿದ್ದೆವು. ಪ್ರೊಜೆಕ್ಟರ್ ಬಾಡಿಗೆಯದು, ನೇರ ಪ್ರಸಾರ ಮೊಬೈಲಿನದು. ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ 2–0 ಮುಂದಿತ್ತು. 80ನೇ ನಿಮಿಷದಲ್ಲಿ ಫ್ರಾನ್ಸ್‌ನ ಎಂಬಾಪೆ ಪೆನಾಲ್ಟಿಯಲ್ಲಿ ಒಂದು ಗೋಲು ಹೊಡೆದ. ಆಟ ಮತ್ತೆ ಶುರುವಾಗಿ ನಮ್ಮ ಪರದೆಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಇತ್ತು. ಅಷ್ಟರಲ್ಲಿ ಹಿಂದಿನ ಮನೆಯಿಂದ 'ಗೋಲ್' ಅಂತ ಕೂಗು ಬಂತು.

ಅವರದು ಡಿಶ್. ಅವರು ನಮಗಿಂತ ಮುಂದಿದ್ದರು. ಸ್ವಲ್ಪ ಹೊತ್ತಿಗೆ ನಮ್ಮ ಬೆಡ್‌ಶೀಟಿನ ಮೇಲೂ ಎಂಬಾಪೆ ವಾಲಿಕೊಂಡೇ ಒದ್ದ, ಚೆಂಡು ಬಲೆಗೆ ಬಿತ್ತು, 2–2. ಅಷ್ಟು ಚೆಂದದ ಗೋಲಿಗೆ ನಮ್ಮಲ್ಲಿ ಯಾರೂ ಕೂಗಲಿಲ್ಲ. ಆ ಬೇಸರ ಇವತ್ತಿಗೂ ಇದೆ.

ಹಾಗಾಗಿ ಜನ ಸೇರಿಸಿ ಮ್ಯಾಚ್ ನೋಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ತಿಂಡಿ, ಕುರ್ಚಿ ಎಲ್ಲ ಆಮೇಲೆ. ಪರದೆ ಒಂದೇ ಇರಲಿ. ಮೊಬೈಲ್‌ಗಳು ಒಂದು ಬುಟ್ಟಿಗೆ ಹೋಗಲಿ, ಕನಿಷ್ಠ ಸ್ಕೋರ್ ಬರುವ ನೋಟಿಫಿಕೇಶನ್ ಆದರೂ ಬಂದ್ ಆಗಲಿ. ಮೊಬೈಲ್ ಪ್ರಸಾರ ಡಿಶ್‌ಗಿಂತ ಅರ್ಧ ನಿಮಿಷದವರೆಗೂ ಹಿಂದೆ ಬೀಳಬಹುದು. ಇಂಟರ್ನೆಟ್‌ನಲ್ಲಿ ವಿಡಿಯೋ ತುಂಡು ತುಂಡಾಗಿ ಬಂದು, ಸ್ವಲ್ಪ ಸೇರಿದ ಮೇಲೇ ಓಡುವುದು, ಅದಕ್ಕೆ. ಹಿಂದಿನ ದಿನವೇ ಯಾವುದಾದರೂ ಮ್ಯಾಚ್ ಹಾಕಿ, ಡಿಶ್ ಮತ್ತು ಮೊಬೈಲ್ ಪಕ್ಕಪಕ್ಕ ಇಟ್ಟು ಎಣಿಸಿ ನೋಡಿ. ಎಷ್ಟು ವ್ಯತ್ಯಾಸ ಅಂತ ನಿಮಗೇ ತಿಳಿಯುತ್ತದೆ.

ಹಾಗಾದರೆ ಡಿಶ್ಶೇ ಸಾಕಲ್ವಾ? ಮಳೆಗಾಲದಲ್ಲಿ ಸಾಲದು. 2014ರ ಜುಲೈ, ಬ್ರೆಜಿಲ್ ಮತ್ತು ಜರ್ಮನಿ ಸೆಮಿಫೈನಲ್. ನಮಗೆ ರಾತ್ರಿ ಒಂದೂವರೆಗೆ ಶುರು. ಹೊರಗೆ ಧೋ ಅಂತ ಮಳೆ. ದಪ್ಪ ಮಳೆ ಸಿಗ್ನಲನ್ನು ನುಂಗಿಬಿಡುತ್ತದೆ. ಚಿತ್ರ ಹೋದಾಗ ಜರ್ಮನಿ 1–0 ಮುಂದಿತ್ತು. ವಾಪಸ್ ಬಂದಾಗ 5–0! 23ನೇ ನಿಮಿಷದಿಂದ 29ರೊಳಗೆ 4 ಗೋಲು. ಮೂಲೆಯಲ್ಲಿ ಬರೆದ ಅಂಕಿ ತಪ್ಪಿರಬೇಕು ಅಂತಲೇ ನಮ್ಮಣ್ಣ ವಾದ ಮಾಡಿದ. ಈ ಎರಡೂ ಪಾಠ ಕಲಿತ ಮೇಲೆ ಈಗ ನಮ್ಮಲ್ಲಿ ಡಿಶ್ ಮುಖ್ಯ, ಮೊಬೈಲ್ ಪ್ರಸಾರ ಕೈಗಾವಲಿಗೆ. ಚಿತ್ರ ಹೋದ ಕೂಡಲೇ ಬದಲಾಯಿಸಲು ಒಬ್ಬರನ್ನು ನೇಮಿಸಿ. ಆ ಒಬ್ಬರ ಮೊಬೈಲ್ ಮಾತ್ರ ಬುಟ್ಟಿಯ ಹೊರಗೆ.

ಕರೆಂಟಿನ ಕಥೆ ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ. ಒಂದೇ ಮಾತು: ಟಿವಿ ಜೊತೆಗೆ ಸೆಟ್‌ಟಾಪ್ ಬಾಕ್ಸ್ ಮತ್ತು ವೈಫೈ ರೂಟರ್ ಕೂಡ ಇನ್ವರ್ಟರ್ ಲೈನಿನಲ್ಲಿರಲಿ. ಎಷ್ಟೋ ಜನ ರೂಟರನ್ನು ಮರೆಯುತ್ತಾರೆ.

2026ರ ವಿಶ್ವಕಪ್ ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ. 48 ತಂಡ, 104 ಪಂದ್ಯ, ಜೂನ್ 11ರಿಂದ ಜುಲೈ 19. ನ್ಯೂಯಾರ್ಕ್ ಕಡೆ ಮಧ್ಯಾಹ್ನ 3 ಅಂದರೆ ನಮಗೆ ರಾತ್ರಿ ಹನ್ನೆರಡೂವರೆ. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿರುತ್ತವೆ, ಗಂಡಸರೆಲ್ಲ ಮನೆಯಲ್ಲಿರುತ್ತಾರೆ. ಅಂದರೆ ಜನ ಜಾಸ್ತಿಯೇ ಬರುತ್ತಾರೆ. ಅಂಗಳ, ಪ್ರೊಜೆಕ್ಟರ್ ಮಳೆಯಲ್ಲಿ ಆಗದ ಮಾತು, ಟಿವಿಯನ್ನು ಜಗಲಿಗೆ ತನ್ನಿ. ಮಕ್ಕಳು ಮುಂದೆ ಚಾಪೆಯ ಮೇಲೆ, ಹಿರಿಯರು ಕುರ್ಚಿಯಲ್ಲಿ, ಕೂರಲಾಗದೆ ಎದ್ದೆದ್ದು ಕುಣಿಯುವವರು ಗೋಡೆಗೆ. ಬ್ರೆಜಿಲ್‌ನವರು ಒಂದು ಕಡೆ, ಅರ್ಜೆಂಟೀನಾದವರು ಇನ್ನೊಂದು ಕಡೆ ಅಂತ ಬೇರೆ ಮಾಡಬೇಡಿ. ಬೆರೆಸಿ ಕೂರಿಸಿ. ಪಕ್ಕದಲ್ಲೇ ಸೋತವನಿದ್ದರೆ ಗೆದ್ದವನ ಬಾಯಿ ತಾನಾಗೇ ಮೆತ್ತಗಾಗುತ್ತದೆ. ಪಟಾಕಿ ಮಾತ್ರ ಬೇಡವೇ ಬೇಡ. ಆ ಹೊತ್ತಿನಲ್ಲಿ ಕೇರಿಯ ಕೂಸುಗಳು ಮಲಗಿರುತ್ತವೆ.

ಅಡುಗೆಮನೆಯ ವಿಷಯ ನನಗೆ ತುಂಬಾ ಮುಖ್ಯ. ಮೊದಲೆಲ್ಲ ನಮ್ಮ ಆಯಿ ಚಹಾ, ಬಜ್ಜಿ ಅಂತ ಒಳಗೇ ಇರುತ್ತಿದ್ದಳು. ಹೊರಗೆ ಕೂಗು ಕೇಳಿದಾಗ 'ಯಾರದ್ದೋ ಗೋಲು?' ಅಂತ ಒಳಗಿಂದಲೇ ಕೇಳುವಳು. ಒಮ್ಮೊಮ್ಮೆ ಯಾರೂ ಉತ್ತರ ಕೊಡುತ್ತಿರಲಿಲ್ಲ. ಈಗ ಚೆಂಡು ಉರುಳುವಾಗ ನಮ್ಮಲ್ಲಿ ಒಲೆ ಹೊತ್ತಿಸುವಂತಿಲ್ಲ. ಹಲಸಿನ ಹಪ್ಪಳ ಮೊದಲೇ ಕರಿದು ಡಬ್ಬಿಗೆ, ಶೇಂಗಾ ಬೇಯಿಸಿ ಪಾತ್ರೆಗೆ, ಚಹಾ ಫ್ಲಾಸ್ಕಿಗೆ. ವಿರಾಮದ 15 ನಿಮಿಷದಲ್ಲಿ ಬೇಕಾದವರು ತಾವೇ ಹಾಕಿಕೊಳ್ಳಲಿ.

ಆಟ ಗೊತ್ತಿಲ್ಲದವರಿಗೆ ಆಫ್‌ಸೈಡ್ ಒಂದನ್ನು ಮೊದಲೇ ಹೇಳಿಕೊಡಿ. 2022ರಲ್ಲಿ ಸೌದಿ ಅರೇಬಿಯಾ ಎದುರು ಮೊದಲರ್ಧದಲ್ಲೇ ಅರ್ಜೆಂಟೀನಾದ 3 ಗೋಲು ಆಫ್‌ಸೈಡ್ ಅಂತ ರದ್ದಾದವು. ಕೊನೆಗೆ ಆ ತಂಡ 1–2ರಲ್ಲಿ ಸೋತಿತು. ಆಯಿಗೆ ಸಿಟ್ಟೇ ಬಂತು, ಬಲೆಗೆ ಬಿದ್ದದ್ದು ಗೋಲಲ್ಲದೆ ಮತ್ತೇನು ಅಂತ. ನಾನು ನೆಲದ ಮೇಲೆ ಹುಣಸೆ ಬೀಜ ಮತ್ತು ಗೇರುಬೀಜ ಇಟ್ಟೆ. ಹುಣಸೆ ಬೀಜ ಗೋಲು ಹೊಡೆಯಲು ಹೋಗುವವರು, ಗೇರುಬೀಜ ಕಾಯುವ ಎದುರಾಳಿಗಳು, ಅವರ ಗೋಲಿ (ಗೋಲ್‌ಕೀಪರ್) ಒಂದು ಕರಟ. ಕಡಲೆಕಾಳು ಚೆಂಡು. 'ನೋಡು ಆಯಿ, ಎದುರಾಳಿಗಳ ಅರ್ಧದಲ್ಲಿ, ಜೊತೆಗಾರ ಚೆಂಡು ಒದ್ದ ಕ್ಷಣಕ್ಕೆ ಈ ಹುಣಸೆ ಬೀಜದ ಮುಂದೆ ಕರಟ ಬಿಟ್ಟು ಇನ್ನೊಂದು ಗೇರುಬೀಜವಾದರೂ ಇರಬೇಕು, ಇಲ್ಲವೇ ಇದರ ಸಮಕ್ಕಾದರೂ ನಿಂತಿರಬೇಕು. ಚೆಂಡಿನ ಹಿಂದೆ ಇದ್ದರಂತೂ ತಪ್ಪಿಲ್ಲ.' ಆಯಿ ಹುಣಸೆ ಬೀಜವನ್ನು ಬೆರಳಲ್ಲಿ ಮೆಲ್ಲಗೆ ಹಿಂದಕ್ಕೆ ಎಳೆದು, 'ಇಲ್ಲೇ ನಿಂತು ಆಮೇಲೆ ಓಡಿದ್ದರೆ ಆಗ್ತಿತ್ತು' ಅಂದಳು. ಅಷ್ಟೇ ಆಫ್‌ಸೈಡ್.

ಆ ಫೈನಲ್ ದಿನ 90 ನಿಮಿಷ ಮುಗಿದ ಕೂಡಲೇ ಆಯಿಯೇ ಹಿಂದಿನ ಮನೆಗೆ ಹೋಗಿ, 'ಅಲ್ಲಿ ನಾಲ್ಕೇ ಜನ ಏನು ನೋಡ್ತೀರಿ, ಬನ್ನಿ' ಅಂತ ಕರೆದಳು. ಅವರು ಟಿವಿ ಆರಿಸಿ, ಕುರ್ಚಿ ಎತ್ತಿಕೊಂಡು ಬಂದರು. ಅವರೆಲ್ಲರೂ ಫ್ರಾನ್ಸ್ ಕಡೆ. 108ಕ್ಕೆ ಮೆಸ್ಸಿ, 118ಕ್ಕೆ ಎಂಬಾಪೆ, 3–3. ಕೊನೇ ಗಳಿಗೆಯಲ್ಲಿ ಕೊಲೊ ಮುವಾನಿ ಒಬ್ಬನೇ ನುಗ್ಗಿ ಒದ್ದಾಗ ಗೋಲಿ ಮಾರ್ಟಿನೆಜ್ ಎಡಗಾಲು ಚಾಚಿ ತಡೆದ. ಏನಾಗುತ್ತದೆ ಅಂತ ಅಂಗಳದಲ್ಲಿ ಒಬ್ಬರಿಗೂ ಮೊದಲೇ ಗೊತ್ತಿರಲಿಲ್ಲ. ಹಿಂದಿನ ಮನೆಯ ಮೌಶಿ ನನ್ನ ತೋಳನ್ನು ಉಗುರು ನಾಟುವಷ್ಟು ಹಿಡಿದಿದ್ದರು. ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4–2ಕ್ಕೆ ಗೆದ್ದಿತು. ಆ ರಾತ್ರಿ ಅವರ ಕುರ್ಚಿಗಳನ್ನು ನಾವೇ ಹೊತ್ತು ಅವರ ಜಗಲಿಯಲ್ಲಿ ಇಟ್ಟು ಬಂದೆವು.