ಮಳೆ ಬಿದ್ದ ಮೇಲೆ ಬ್ರಷ್ ಕಟರ್ ಸ್ಟಾರ್ಟ್ ಆಗ್ತಿಲ್ವಾ?

ಚನ್ನಗಿರಿ ಕಡೆ ಅಡಿಕೆ ತೋಟ ಇರುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಮುಂಗಾರು ಹಿಡಿದು ಹುಲ್ಲು ಮೊಣಕಾಲಿಗೆ ಬಂದಿರುತ್ತದೆ, ಮೂಲೆಯಲ್ಲಿಟ್ಟಿದ್ದ ಹುಲ್ಲು ಕತ್ತರಿಸುವ ಮಷಿನ್ ತೆಗೆದು ಹಗ್ಗ ಎಳೆದರೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ತಕ್ಷಣ ಮೆಕ್ಯಾನಿಕ್ ಹತ್ತಿರ ಹೊತ್ತುಕೊಂಡು ಹೋಗಬೇಡಿ. ಹೋದ ವರ್ಷದ ಪೆಟ್ರೋಲ್ ಟ್ಯಾಂಕಿನಲ್ಲೇ ಇದೆಯಾ, ಅದನ್ನು ನೋಡಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲ್, ಗಾಳಿ ಪೆಟ್ರೋಲ್ ಬೆರೆಸಿ ಇಂಜಿನಿಗೆ ಕಳಿಸುವ ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಅಂಟಿನ ಹಾಗೆ ಕೂರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದನ್ನೆಲ್ಲ ಚೆಲ್ಲದೆ ಒಂದು ಡಬ್ಬಿಗೆ ತೆಗೆದಿಟ್ಟು ಹೊಸದು ಹಾಕಿ.

ಆಮೇಲೆ ಇಂಜಿನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ. ಅರ್ಧ ರೋಗ ಅದೇ ಹೇಳುತ್ತದೆ. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ ಅಂತ ಅರ್ಥ, ಒರೆಸಿ ಒಣಗಿಸಿ, ಪ್ಲಗ್ ಇಲ್ಲದೆಯೇ ಚೋಕ್ (ಗಾಳಿ ತಡೆಯುವ ಮುಚ್ಚಳ) ತೆರೆದು ಏಳೆಂಟು ಸಲ ಹಗ್ಗ ಎಳೆದು ಮತ್ತೆ ಹಾಕಿ. ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಟ್ಯಾಂಕಿನೊಳಗೆ ಪೈಪಿನ ತುದಿಗೆ ಒಂದು ಪುಟ್ಟ ಫಿಲ್ಟರ್ ಇರುತ್ತದೆ, ತಂತಿಯನ್ನು ಕೊಕ್ಕೆ ಮಾಡಿ ಹೊರಗೆಳೆದು ನೋಡಿ, ಕಪ್ಪಗಾಗಿದ್ದರೆ ಬದಲಾಯಿಸಿ. ಪ್ಲಗ್ ತುದಿಗೆ ಕಿಟ್ಟ ಕಟ್ಟಿದ್ದರೆ ಬ್ರಷ್‌ನಲ್ಲಿ ಉಜ್ಜಿ, ತುದಿಯ ಎರಡು ಕಡ್ಡಿಗಳ ನಡುವಿನ ಗ್ಯಾಪ್ 0.6ರಿಂದ 0.7 ಮಿ.ಮೀ. ಇರಲಿ.

ಏರ್ ಫಿಲ್ಟರನ್ನು ಮರೆಯುವವರೇ ಜಾಸ್ತಿ. ಹಿರಿಯೂರು, ಚಳ್ಳಕೆರೆ ಕಡೆಯ ಒಣ ಧೂಳಿನಲ್ಲಿ ಓಡಿಸುವವರಂತೂ ದಿನಾ ಸಂಜೆ ಕೊಡವಬೇಕು. ಸ್ಪಂಜಿನದ್ದಾದರೆ ಸೋಪು ನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಒಂದೆರಡು ಹನಿ ಇಂಜಿನ್ ಆಯಿಲ್ ಸವರಿ ಹಿಂಡಿ ಹಾಕಿ. ಪೇಪರ್ ಫಿಲ್ಟರಿಗೆ ಮಾತ್ರ ನೀರು ಮುಟ್ಟಿಸಬೇಡಿ.

ಎಣ್ಣೆ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ನಮ್ಮ ಮೊದಲ ಮಷಿನ್ ಟೂ ಸ್ಟ್ರೋಕ್. ನಾನು ಮನೆಯಲ್ಲಿಲ್ಲದ ದಿನ ಯಾರೋ ಬರೀ ಪೆಟ್ರೋಲ್ ಹಾಕಿ ಓಡಿಸಿ ಪಿಸ್ಟನ್ ಗೀರಿಹೋಯಿತು, ಆ ಇಂಜಿನ್ ಮತ್ತೆ ಸರಿಯಾಗಲೇ ಇಲ್ಲ. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ಮಷಿನಿನ ಪುಸ್ತಕದಲ್ಲಿ 25:1 ಅಂತಿದ್ದರೆ ಲೀಟರಿಗೆ 40 ಮಿ.ಲೀ., 50:1 ಅಂತಿದ್ದರೆ 20 ಮಿ.ಲೀ. ಫೋರ್ ಸ್ಟ್ರೋಕಿಗೆ ಬೆರೆಸಬಾರದು, ಅದರ ಆಯಿಲ್ ಬೇರೆ ಜಾಗದಲ್ಲಿ ಇರುತ್ತದೆ. ಎರಡೂ ಮಷಿನ್ ಇರುವ ಮನೆಯಲ್ಲಿ ಕ್ಯಾನ್ ಮೇಲೆ ದೊಡ್ಡದಾಗಿ ಬರೆದಿಡಿ, ತೋಟಕ್ಕೆ ಬರುವ ಆಳುಗಳಿಗೂ ತೋರಿಸಿ ಹೇಳಿ.

ಬ್ಲೇಡ್ ಮುಟ್ಟುವ ಮೊದಲು ಪ್ಲಗ್ ಕ್ಯಾಪ್ ಕೀಳಿ, ಇದನ್ನು ಯಾವತ್ತೂ ಬಿಡಬೇಡಿ. ಬ್ಲೇಡ್ ಹತ್ತಿರದ ಗೇರಿಗೆ ಆಗಾಗ ಗ್ರೀಸ್ ತುಂಬಿ. ಇಂಜಿನ್ ರೆಕ್ಕೆಗಳ ನಡುವೆ ಸಿಕ್ಕ ಹುಲ್ಲನ್ನೂ ತೆಗೆಯಿರಿ, ಇಲ್ಲದಿದ್ದರೆ ಬಿಸಿಯೇರುತ್ತದೆ.

ಹುಲ್ಲಿನ ಕೆಲಸ ಮುಗಿದು ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಮಷಿನ್ ತಾನಾಗಿ ನಿಲ್ಲುವವರೆಗೂ ಓಡಿಸಿ. ಆರಿದ ಮೇಲೆ ಪ್ಲಗ್ ತೂತಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಎರಡು ಸಲ ಮೆಲ್ಲಗೆ ಹಗ್ಗ ಎಳೆದು, ಪ್ಲಗ್ ಹಾಕಿ ಒಣ ಜಾಗದಲ್ಲಿ ಇಡಿ.