ಪೆನ್ಸಿಲ್ ಚಿತ್ರ ನೋಡಿ ಮೈ ಜುಮ್ಮೆಂದರೆ ಏನು ಹೇಳಬೇಕು

ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು ಚಿತ್ರ ತಂದು ಮುಂದಿಟ್ಟಳು ಎಂದುಕೊಳ್ಳಿ. ಎ3 ಹಾಳೆ, ಬರೀ ಪೆನ್ಸಿಲ್. ಚಂದ್ರಿಕೆ (ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ) ತುಂಬ ರೇಷ್ಮೆ ಗೂಡು, ಒಂದೊಂದು ಗೂಡೂ ಮುಚ್ಚಿದ ಕಣ್ಣು. ಮೂಲೆಯಲ್ಲಿ ಒಂದು ಮಾತ್ರ ಅರೆತೆರೆದಿದೆ. ನಮ್ಮ ಬಾಯಿಗೆ ಮೊದಲು ಬರುವುದು "ಅಯ್ಯೋ, ಇದೇನಮ್ಮಾ!" ಇಲ್ಲವೇ "ಸೂಪರ್". ಎರಡರಿಂದಲೂ ಅವಳಿಗೆ ಕಾಸಿನ ಉಪಯೋಗವಿಲ್ಲ.

ಮಾತಾಡುವ ಮುಂಚೆ ಎರಡು ನಿಮಿಷ ನೋಡಿ. ಮೊದಲು ಐದಾರು ಅಡಿ ದೂರದಿಂದ, ಆಮೇಲೆ ಒಂದಡಿ ಹತ್ತಿರದಿಂದ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಮಿರುಗುತ್ತದೆ. ಟ್ಯೂಬ್‌ಲೈಟ್ ನೇರ ಬಿದ್ದರೆ 6ಬಿ ಎಂಬ ಮೆತ್ತನೆ ಪೆನ್ಸಿಲ್ಲಿನ ಕಪ್ಪು ಬೂದಿಯಂತೆ ಕಂಡು ನೆರಳಿನ ಆಳವೇ ಹೋಗುತ್ತದೆ. ಹಾಳೆಯನ್ನು ಸ್ವಲ್ಪ ಓರೆ ಮಾಡಿ. ಅಂಚಷ್ಟೇ ಹಿಡಿಯಿರಿ, ಪುಡಿ ಕದಲದಂತೆ ಹಿಡಿಯುವ ಫಿಕ್ಸೇಟಿವ್ ಸ್ಪ್ರೇ ಹೊಡೆಯದ ಚಿತ್ರ ಬೆರಳು ಸೋಕಿದರೂ ಕಲಸಿಹೋಗುತ್ತದೆ.

ಈಗ ದಿಗಿಲು ಹುಟ್ಟಿಸಿದ ಜಾಗ ಹುಡುಕಿ. ಕನಸಿನ ಹಾಗಿರುವ ಈ ಬಗೆಯ ಸರ್ರಿಯಲಿಸ್ಟ್ ಚಿತ್ರದಲ್ಲಿ ಬಿದಿರಿನ ಗಂಟು, ಗೂಡಿನ ನೂಲು ಎಲ್ಲ ಇದ್ದ ಹಾಗೇ ಇರುತ್ತವೆ. ಸೇರಬಾರದ ಎರಡು ಸೇರಿರುತ್ತವೆ, ಅಷ್ಟೆ. ಕೈ ನಂಬಿಸಿದ್ದಕ್ಕೇ ಕಣ್ಣು ಬೆಚ್ಚುತ್ತದೆ. ನೆರಳು ಯಾವ ಕಡೆ ಬಿದ್ದಿದೆ? ಮಿಕ್ಕವು ಎಡಕ್ಕೆ, ತೆರೆದ ಕಣ್ಣಿನದು ಬಲಕ್ಕಿದ್ದರೆ ಗುಟ್ಟು ಅಲ್ಲೇ ಇದೆ. ಬಿದಿರಿನ ಹೆಣಿಗೆ ಗೆರೆಗೆರೆಯಾಗಿ ಬಿಡಿಸಿದ್ದೋ, ಚಂದ್ರಿಕೆ ಮೇಲೆ ಹಾಳೆ ಇಟ್ಟು ತಿಕ್ಕಿದ್ದೋ ಅದನ್ನೂ ಗಮನಿಸಿ. ಸರ್ರಿಯಲಿಸ್ಟ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಮರದ ಹಲಗೆ ನೆಲದ ಮೇಲೆ ಹೀಗೇ ತಿಕ್ಕಿ, ಮೂಡಿದ ಗೆರೆಗಳಿಂದ ಕಾಡು, ಪ್ರಾಣಿ ಎಬ್ಬಿಸಿದ. ತಿಕ್ಕಿದ್ದಾದರೆ ಒತ್ತು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರುತ್ತದೆ, ಗೆರೆಗೆ ಶುರು-ಕೊನೆ ಕಾಣುವುದಿಲ್ಲ.

ಹೇಳುವಾಗ ಕಂಡದ್ದು ಮೊದಲು, ಅನಿಸಿದ್ದು ಆಮೇಲೆ: "ಗೂಡುಗಳಿಗೆಲ್ಲ ಗಟ್ಟಿ 2ಎಚ್ ಪೆನ್ಸಿಲ್ಲಿನ ತೆಳು ಗೆರೆ, ಆ ಒಂದು ಕಣ್ಣಿಗೆ ಮಾತ್ರ ಗಾಢ ಕಪ್ಪು. ನನ್ನ ಕಣ್ಣು ಮತ್ತೆಮತ್ತೆ ಅಲ್ಲಿಗೇ ಹೋಯಿತು, ಯಾರೋ ನೋಡುತ್ತಿದ್ದಾರೆ ಅನ್ನಿಸಿತು." ಇಷ್ಟು ಸಾಕು. "ಇದರ ಅರ್ಥ ಏನು?" ಬೇಡ. 1924ರ ಸರ್ರಿಯಲಿಸಂ ಪ್ರಣಾಳಿಕೆಯಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತೊನ್ ಹಿಡಿದ ದಾರಿಯೇ ಬುದ್ಧಿಯ ಕಡಿವಾಣ ಬಿಟ್ಟು ಬಂದದ್ದನ್ನು ಬರಲು ಬಿಡುವುದು. ಅರ್ಥ ಅವಳಿಗೇ ಗೊತ್ತಿರದಿರಬಹುದು. "ಯಾವ ಮೂಲೆಯಿಂದ ಶುರು ಮಾಡಿದೆ?" ಎಂದು ಕೇಳಿ, ಮಾತು ತಾನೇ ಬಿಚ್ಚಿಕೊಳ್ಳುತ್ತದೆ.

ಕೆಡುವುದು ಹೆಚ್ಚಾಗಿ ಒಂದೇ ಕಡೆ: ಚಿತ್ರ ಬಿಟ್ಟು ಬಿಡಿಸಿದವಳ ಮನಸ್ಸಿಗೆ ಕೈ ಹಾಕುವುದು. "ಮನೇಲಿ ಏನಾದ್ರೂ ತೊಂದ್ರೆನಾ?" ಎಂದು ನಾಲ್ಕು ಜನರೆದುರು ಕೇಳಿದರೆ ಮುಂದಿನ ಸಲ ಹೂವಿನ ಕುಂಡ ಬಿಡಿಸಿ ತರುತ್ತಾಳೆ. ಸಾವು, ಗಾಯ ಪದೇಪದೇ ಬರುತ್ತಿದ್ದು, ಅವಳ ಮಾತು-ನಡತೆಯೂ ಬದಲಾಗಿದ್ದರೆ ವಿಷಯ ಬೇರೆ. ಆಗ ಚಿತ್ರ ಪಕ್ಕಕ್ಕಿಟ್ಟು, ಅವಳೊಬ್ಬಳನ್ನೇ ಕೂರಿಸಿಕೊಂಡು ನೇರವಾಗಿ ಕೇಳಿ.